ಶಾಲ್ಮಲೆಯ ಪೆನ್ನು ಮತ್ತು ಸೌತೆಬೀಜದ ಮಹಾಸಮರ

ಹನ್ನೊಂದು ಪೆನ್ಸಿಲ್ಲು, ಆರು ರಬ್ಬರು, ಒಂಬತ್ತು ವಹಿ, ನಡುಬೆರಳಿನ ಮೇಲೊಂದು ಜಡ್ಡು, ಇಡೀ ದೀಪಾವಳಿ ರಜೆ: ಇಷ್ಟೆಲ್ಲ ವೆಚ್ಚವಾದ ಮೇಲೂ ‘ಠ’ ಎಂಬ ವರ್ತುಲಾಕಾರದ ದುರ್ಗ ಕೈವಶವಾಗದಿದ್ದ ಆ ಘೋರಯುಗದ ಕಥೆಯನ್ನು, ಎಲೈ ಸುಂದರಾಕ್ಷರ ಸಂಪನ್ನರೇ, ಕೊಂಚ ಗರ್ವ ಬಿಟ್ಟು ಕೇಳುವಂಥವರಾಗಿ.

ಧಾರವಾಡದ ಒಂದು ಶಾಲೆಯ ನಾಲ್ಕನೆಯ ಇಯತ್ತೆಯೆಂಬ ರಣಾಂಗಣದಲ್ಲಿ, ಸೀಸಶಿಖರಭಂಜಿನಿಯೂ ಪತ್ರಪುಟವಿದಾರಿಣಿಯೂ ಆದ ಶಾಲ್ಮಲೆ ಎಂಬ ಒಂಬತ್ತು ವರ್ಷದ ವೀರಾಗ್ರಣಿ ಇದ್ದಳು. ಆಕೆ ಪೆನ್ಸಿಲ್ಲನ್ನು ಹಿಡಿದರೆ ಗದೆ ಹಿಡಿದಂತೆ. ಮೊದಲ ಪುಟದಲ್ಲಿ ಬರೆದದ್ದನ್ನು ನಾಲ್ಕನೆಯ ಪುಟದಲ್ಲಿ ತಡವಿ ಓದಬಹುದಿತ್ತು. ‘ಠ’ದ ಹೊಟ್ಟೆಯೊಳಗೆ ಚುಕ್ಕೆ ಇಡುವಾಗಲಂತೂ ಕಾಗದ ತೂತೇ. ತರಗತಿಯ ಅಧಿದೇವತೆಯಾದ ಮಟ್ಟಿ ಅಕ್ಕೋರ ಶಾಸನವೋ ಕಠೋರ: ಹರಿಯದೆ ಒಂದು ಪುಟ ಬರೆದವರಿಗೆ ಮಾತ್ರ ಪೆನ್ನು. ಮೂವತ್ತೇಳು ಮಕ್ಕಳು ಪೆನ್ನುಧಾರಿಗಳಾದರು. ಪೆನ್ಸಿಲ್ಲಿನೊಂದಿಗೆ ಉಳಿದವಳು ಶಾಲ್ಮಲೆ ಒಬ್ಬಳೇ.

“ಏನವಾ, ಇನ್ನೂ ಬಾಲವಾಡಿನ ಏನು?” ಎಂದಳು ಪಕ್ಕದವಳು. ಅಂದಿನಿಂದ ಶಾಲ್ಮಲೆ ವಹಿಯನ್ನು ಮೊಣಕೈಯಿಂದ ಮುಚ್ಚಿಕೊಂಡು ಬರೆಯತೊಡಗಿದಳು.

ಆಗ ರಣಕ್ಕಿಳಿದನು ಅವಳ ಕಾಕಾ ಮಧುಸೂದನ. ಹಿಂದೊಮ್ಮೆ ದುಂಡುಬರಹದ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನವಾಗಿ ಬಂದ ಸಾಬೂನಿನ ಡಬ್ಬಿಯನ್ನು ಇಂದಿಗೂ ಗಾಜಿನ ಕಪಾಟಿನಲ್ಲಿಟ್ಟಿರುವ ಅಕ್ಷರಸಾರ್ವಭೌಮನು ಮೇಘಗಂಭೀರ ಧ್ವನಿಯಿಂದ ನುಡಿದನು:

“ಇದು ಬರೇ ಸೊಕ್ಕು. ಕೈ ಅನ್ನೋದು ಕುದುರಿ ಇದ್ದಂಗ, ಓಡಿಸಿದ್ರ ಓಡ್ತದ. ದಿನಾ ಹತ್ತು ಪುಟ ಬರೀಲಿ.”

ಬರೆದಳು. ಹತ್ತೂ ಹರಿದವು. ತಪ್ಪು ಹತ್ತುಪಟ್ಟು ಗಟ್ಟಿಯಾಯಿತು. ಇದಕ್ಕೆ ಅಭ್ಯಾಸವೆಂದು ಹೆಸರು.

ಅದೇ ವೇಳೆಗೆ ಈ ಮಧುಸೂದನನ ಮದುವೆಗೆಂದೇ ಮನೆಯಲ್ಲಿ ಸೌತೆಬೀಜ ಹೊಸೆಯುವ ಕಾರ್ಯ ನಡೆದಿತ್ತು. ರವೆಯ ಕಣಕವನ್ನು ಎರಡು ಬೆರಳ ನಡುವೆ ಹೊರಳಿಸಿ, ಸೌತೆಯ ಬೀಜದಷ್ಟು ಸಣ್ಣಗೆ ಉದುರಿಸಿ, ಪಾಯಸಕ್ಕೆಂದು ಒಣಗಿಸಿಡುವುದು. ಸೇನಾಧಿಪತ್ಯ ಅಜ್ಜಿ ಅಂಬಕ್ಕನದು. ನೆರವಿಗೆ ಕೂತ ಶಾಲ್ಮಲೆಯ ಬೆರಳಲ್ಲಿ ಕಣಕ ಅಪ್ಪಚ್ಚಿಯಾದದ್ದನ್ನು ಅವರು ನೋಡಿದರು.

“ಕಣ್ಣು ಮುಚ್ಚು. ಬೆರಳಾಗ ಕಣಕ ಅದನೋ ಇಲ್ಲೋ ಹೇಳು.”

“ಗೊತ್ತಾಗವಲ್ದು ಅಜ್ಜಿ.”

“ಗೊತ್ತಾಗವಲ್ದಂತನ ಒತ್ತತಿ ನೀನು. ಮಧೂ, ಹುಡುಗಿಗೆ ಸೊಕ್ಕಿಲ್ಲೋ. ಬೆರಳಿನ ತನಕ ಸುದ್ದಿ ಮುಟ್ಟವಲ್ದು.”

“ಕಣಕಕ್ಕೂ ಅಕ್ಷರಕ್ಕೂ ಏನವ್ವಾ ಸಂಬಂಧ?” ಎಂದು ನಕ್ಕನು ಸಾರ್ವಭೌಮ.

“ಹಂಗಾರ ನೀನ ಮಾಡು. ದುಂಡನ್ನ ಅಕ್ಷರದ ಕೈ ನಿಂದು.”

ಅಂಗಿಯ ತೋಳು ಮಡಚಿ, ಪದ್ಮಾಸನ ಹೂಡಿ, ಅರ್ಧ ಗಂಟೆ ಘೋರ ಸಮರ ನಡೆಸಿ ಮಧುಸೂದನನು ಹದಿನೇಳು ವಸ್ತುಗಳನ್ನು ಸೃಷ್ಟಿಸಿದನು. ಅಂಬಕ್ಕ ಒಂದನ್ನು ಎತ್ತಿ ಹಿಡಿದರು.

“ಸೌತಿಬೀಜ ಮಾಡಂದ್ರ ಸೌತಿಕಾಯಿ ಮಾಡೀಯಲ್ಲೋ. ಇರ್ಲಿ, ದಿನಾ ಹತ್ತು ತಾಟು ಮಾಡು. ಕೈ ಅನ್ನೋದು ಕುದುರಿ ಇದ್ದಂಗ.”

ಸಾರ್ವಭೌಮನು ಎದ್ದು, ಹತ್ತು ಪುಟದ ವಹಿಯನ್ನು ಕಪಾಟಿನ ಮೇಲೆ ಎಸೆದು ಅಂತರ್ಧಾನನಾದನು.

ಮದುವೆ ಮುಗಿದರೂ ಹೊಸೆಯುವುದು ನಿಲ್ಲಲಿಲ್ಲ. ದಿನವೂ ಸಂಜೆ, ಕಣ್ಣು ಮುಚ್ಚಿ, ಅಜ್ಜಿಯ ಪಕ್ಕದಲ್ಲಿ. ಮೊದಲು ಅಪ್ಪಚ್ಚಿ, ಆಮೇಲೆ ಕಡ್ಡಿ, ಮೂರನೆಯ ತಿಂಗಳಿಗೆ ಬೀಜ. ವಾರಕ್ಕೆ ಮೂರು ಸಲ ಪಾಯಸ ಉಂಡು ಮನೆಮಂದಿಯೆಲ್ಲ ಈ ಮಹಾಯಜ್ಞಕ್ಕೆ ಹವಿಸ್ಸಾದರು.

ಕಡೆಗೆ ಬಂತು ಆ ದಿನ. ಹತ್ತೊಂಬತ್ತು ಸಾಲು ದಾಟಿ, ಇಪ್ಪತ್ತನೆಯ ಸಾಲಿನ ‘ಠ’ದ ಸುತ್ತುಗೋಡೆ ಎಬ್ಬಿಸಿ, ದಿಕ್ಪಾಲಕರು ಉಸಿರು ಬಿಗಿಹಿಡಿದಿರಲು, ಶಾಲ್ಮಲೆ ಒಳಗೊಂದು ಚುಕ್ಕೆ ಇಟ್ಟಳು. ಮಟ್ಟಿ ಅಕ್ಕೋರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತು ಹುಡುಕಿದರು. ಇರಲಿಲ್ಲ. ಡ್ರಾವರಿನಿಂದ ನೀಲಿ ಪೆನ್ನೊಂದನ್ನು ತೆಗೆದುಕೊಟ್ಟರು.

“ಅಕ್ಷರ ಇನ್ನೂ ಸೊಟ್ಟನ ಅದಾವಲ್ಲ?”

“ಹೌದ್ರಿ ಅಕ್ಕೋರ.”

ಆ ಪೆನ್ನು ಗುರುವಾರ ಕಳೆದುಹೋಯಿತು. ಅಕ್ಷರ ಇನ್ನೂ ದುಂಡಗಾಗಿಲ್ಲ. ಬರೆಯುವಾಗ ಅವಳು ಈಗ ವಹಿಯನ್ನು ಮೊಣಕೈಯಿಂದ ಮುಚ್ಚುವುದಿಲ್ಲ.