ತೋಪಿನ ತವರುಮನೆ

ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಿ ನಾನು ಬಾಯಿ ತೆಗೆದರೆ ಒಂದು ಜಗಳ, ಮುಚ್ಚಿದರೆ ಇನ್ನೊಂದು. ಹೀಗಾಗಿ ತೆಗೆದೇ ಇಟ್ಟಿದ್ದೇನೆ. ಈಗ ಹೇಳುವುದು ಬಿಜಾಪುರದ ಮುಲುಕ ಮೈದಾನ ತೋಪಿನ ಜಗಳ. ಬುರುಜಿನ ಮೇಲಿರುವ ಆ ದೊಡ್ಡ ತೋಪನ್ನು ಮುಟ್ಟಿ ಏನು ಬೇಡಿಕೊಂಡರೂ ಆಗುತ್ತದೆಂದು ನಮ್ಮ ಕಡೆಯ ಜನ ನಂಬುತ್ತಾರೆ. ನನಗೆ ಎರಡನೆಯದೂ ಹೆಣ್ಣಾಯಿತು ನೋಡಿ, ನನ್ನನ್ನು ಅಲ್ಲಿಗೆ ಕರೆದೊಯ್ದು ಗಂಡುಮಗು ಬೇಡಿಸಬೇಕೆಂದು ಅತ್ತೆ ಪಟ್ಟು ಹಿಡಿದರು. ಎರಡೇ ಸಾಕು, ಆಪರೇಷನ್ ಮಾಡಿಸಿಕೊಳ್ಳುತ್ತೇನೆಂದು ನಾನೂ ಪಟ್ಟು ಹಿಡಿದೆ. ಗಂಡನ ಒಪ್ಪಿಗೆ ಬೇಕೆಂದು ದವಾಖಾನೆಯ ನರ್ಸಬಾಯಿ ಹೇಳಿದ್ದಳು. ನಮ್ಮ ಯಜಮಾನರು ಆಲಮಟ್ಟಿಯ ಅಣೆಕಟ್ಟಿನ ಕಚೇರಿಯಲ್ಲಿ ಕಾರಕೂನರು, ರವಿವಾರಕ್ಕೊಮ್ಮೆ ಮನೆಗೆ ಬರುವವರು. ಕೇಳಿದರೆ, "ಅವ್ವ ಹೂಂ ಅಂದ್ರ ನಂದೂ ಹೂಂ" ಎಂದುಬಿಟ್ಟರು. ಕೃಷ್ಣಾ ಹೊಳೆಯನ್ನು ತಡೆಯಲು ಹೊರಟ ಗಂಡಸು ಅವ್ವನನ್ನು ತಡೆಯಲಾರ!

ನೆಲದಿಂದ ಎದ್ದ ದೇವರು

ಆ ತೋಪು ಯಾರೂ ಮಾಡಿದ್ದಲ್ಲ, ತಾನಾಗಿಯೇ ಭೂಮಿಯಿಂದ ಎದ್ದು ಬಂದದ್ದು ಎಂಬುದು ಅತ್ತೆಯ ನಂಬಿಕೆ. ನಾನು ಹತ್ತನೇ ಇಯತ್ತೆ ಓದಿದವಳು. ಓದಿದ್ದು ಹತ್ತೇ ಆದರೂ ಗಟ್ಟಿಯಾಗಿ ಓದಿದ್ದೇನೆ. ಒಂದು ದಿನ ರೊಟ್ಟಿ ಬಡಿಯುತ್ತ ಹೇಳಿದೆ:

"ಅತ್ತೀ, ಅದನ್ನ ತುರ್ಕಸ್ತಾನದಾವ ಒಬ್ಬ ಎರಕ ಹೊಯ್ದಾನ್ರಿ. ಅದೂ ಬಿಜಾಪುರದಾಗ ಅಲ್ಲ, ಅಹಮದನಗರದಾಗ. ಅಲ್ಲಿಯವರು ಲಡಾಯಿಗೆ ಮಾಡಿಸಿದ್ರು. ಆಮ್ಯಾಲೆ ಇಲ್ಲಿಯವರು ಎತ್ತು ಹೂಡಿ ಎಳಕೊಂಡು ಬಂದ್ರು."

"ನೀ ಕಂಡೀಯೇನ?"

"ಇಲ್ರಿ, ಓದೀನಿ."

"ನಾ ಕಣ್ಣಾರೆ ಕಂಡೀನಿ. ನೆಲದಾಗಿಂದ ಎದ್ದೈತಿ."

"ಅದು ಇರೂದು ಅಷ್ಟೆತ್ತರದ ಬುರುಜಿನ ಮ್ಯಾಲ್ರಿ. ನೆಲದಾಗಿಂದ ಎದ್ದದ್ದು ಅಲ್ಲಿ ಹೆಂಗ ಹೋತು?"

ಅತ್ತೆ ನನ್ನ ಕೈಯಿಂದ ಹಿಟ್ಟಿನ ಮುದ್ದೆ ಕಸಿದುಕೊಂಡು, ರೊಟ್ಟಿಯ ಬದಲು ನನ್ನನ್ನೇ ಬಡಿಯುವವರಂತೆ ಬಡಿಯುತ್ತ ಕೇಳಿದರು:

"ದೇವರಿಗೆ ಬುರುಜಿನ ಪಾವಟಿಗಿ ಹತ್ತಾಕ ಬರೂದಿಲ್ಲೇನ?"

ಸಿಂದಗಿಯ ಕೊಡ

ನಾದಿನಿಯನ್ನು ಸಿಂದಗಿಗೆ ಕೊಟ್ಟಿದ್ದಾರೆ. ಅವಳ ಮಗನ ಜಾವಳದ ಕೂದಲು ತೆಗೆಸುವ ಕಾರ್ಯಕ್ಕೆಂದು ಹೋದಾಗ, ಅಲ್ಲಿ ತಾಮ್ರ ಹಿತ್ತಾಳೆಯ ಪಾತ್ರೆಗೆ ಬೆಸುಗೆ ಹಾಕುವವನೊಬ್ಬ ಸಿಕ್ಕ. ಅತ್ತೆಗೆ ಸಾಕ್ಷಿ ಬೇಕಾಗಿತ್ತು.

"ಏನಪಾ, ನೀ ಲೋಹದ ಕೆಲಸದಾವ. ಬಿಜಾಪುರದ ತೋಪು ತುರ್ಕಸ್ತಾನದಾವ ಮಾಡ್ಯಾನಂತ. ನನ್ನ ಸೊಸಿ ಹೇಳತಾಳ. ಖರೆ ಏನ?"

ಅವನು ಎದೆ ಉಬ್ಬಿಸಿದ. "ಯಾವ ತುರ್ಕಸ್ತಾನರೀ ಯವ್ವಾ! ಅದನ್ನ ಹೊಯ್ದಾವ ನಮ್ಮ ಮುತ್ತ್ಯಾನ ಮುತ್ತ್ಯಾ. ಈ ವಿದ್ಯಾ ನಮ್ಮ ರಕ್ತದಾಗ ಬಂದೈತಿ."

ಭೂಮಿಯಿಂದ ಎದ್ದ ದೇವರು ಕ್ಷಣದಲ್ಲಿ ಇವನ ಮುತ್ತಜ್ಜನ ಕೈಗೆ ಹೋದದ್ದು ಅತ್ತೆಗೆ ಲೆಕ್ಕಕ್ಕೇ ಬರಲಿಲ್ಲ. ಸೊಸೆ ಸೋತರೆ ಸಾಕು, ಗೆದ್ದವರು ಯಾರಾದರೇನು? ನಾನು ಸುಮ್ಮನೆ ನಾದಿನಿಯ ಸೊಂಟದ ಮೇಲಿದ್ದ ಕೊಡ ಇಸಿದುಕೊಂಡು ಎತ್ತಿ ಹಿಡಿದೆ. ಅವನೇ ಮುಂಜಾನೆ ಬೆಸುಗೆ ಹಾಕಿಕೊಟ್ಟದ್ದು. ನೀರು ತಟಕ್ ತಟಕ್ ಎಂದು ಅತ್ತೆಯ ಕಾಲ ಮೇಲೆ ಬೀಳುತ್ತಿತ್ತು.

"ಮುತ್ತ್ಯಾ ಅಷ್ಟು ದೊಡ್ಡ ತೋಪು ಹೊಯ್ದಾನ, ನಿನಗ ಇದೊಂದು ತೂತು ಮುಚ್ಚಾಕ ಆಗ್ಲಿಲ್ಲೇನಪಾ?"

ಅವನು ಕೊಡವನ್ನೂ ನೋಡಿದ, ನನ್ನನ್ನೂ ನೋಡಿದ. ಸ್ವಲ್ಪವೂ ನಾಚದೆ ಹೇಳಿದ:

"ಯವ್ವಾ, ತೋಪಿನ್ಯಾಗ ಯಾರರ ನೀರು ತರ್ತಾರೇನ್ರಿ?"

ತಾಳಿಕೋಟಿಯ ಮಾವ

ಅತ್ತೆಯ ಅಣ್ಣ ಮುದ್ದೇಬಿಹಾಳ ತಾಲೂಕಿನ ತಾಳಿಕೋಟಿಯವರು. ನಮ್ಮ ಮನೆಗೆ ಬಂದಾಗ ಅತ್ತೆ ಅವರ ಮುಂದೆಯೂ ನನ್ನ ಮೇಲೆ ದೂರು ಹೇಳಿದರು. ಮಾವ ಮೊದಲು ನನ್ನ ಪಕ್ಷವನ್ನೇ ಹಿಡಿದರು.

"ನಿನ್ನ ಸೊಸಿ ಹೇಳೂದು ಖರೆ ಐತಿ ತಂಗಿ. ಮಾಡಿದಾವ ಹೊರದೇಶದಾವ. ಆದ್ರ ಅದು ಹೆಸರು ಮಾಡಿದ್ದು ನಮ್ಮ ಊರ ಕಡೆ! ವಿಜಯನಗರದವರ ಮ್ಯಾಲೆ ದೊಡ್ಡ ಲಡಾಯಿ ಆತಲ್ಲ, ಆಗ ಅದನ್ನ ಹಾರಿಸ್ಯಾರಂತ. ಸಾವಿರಗಟ್ಟಲೆ ಮಂದಿ ಬೂದಿ!"

"ಮಾವಾರ, ಮಂದೀನ ಸುಡಾಕ ಮಾಡಿದ್ದರ ಮುಂದ ನಿಂತು ನಾ ಕೂಸು ಬೇಡ್ಲೇನ್ರಿ?"

ಮಾವ ಕೆಮ್ಮಿದರು. ಆಮೇಲೆ ಸಾಧುಗಳ ಹಾಗೆ ದನಿ ಇಳಿಸಿ, "ಹಂಗ ಹಳೇ ಸಿಟ್ಟು ಇಟ್ಕೋಬಾರದವಾ. ಆಗಿದ್ದು ಆಗಿಹೋತು. ಮನಷ್ಯಾ ಅಂದಮ್ಯಾಲೆ ಮರೀಬೇಕು" ಎಂದರು.

ಅಷ್ಟರಲ್ಲಿ ಅತ್ತೆ ಒಳಗಿನಿಂದ, "ಅಣ್ಣಾ, ತಮ್ಮನೂ ಊಟಕ್ಕ ಬರಾಕತ್ತಾನ" ಎಂದರು. ಹೊಲದ ಬದುವಿನ ಹುಣಸೆಮರಕ್ಕಾಗಿ ಅಣ್ಣ ತಮ್ಮಂದಿರು ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಮಾವ ಎದ್ದು ಚಪ್ಪಲಿ ಮೆಟ್ಟಿದರು. "ಅವ ಈ ಮನಿ ಹೊಸ್ತಲಾ ತುಳದ್ರ ನಾ ಇಲ್ಲಿ ನೀರೂ ಮುಟ್ಟೂದಿಲ್ಲ!"

ಇಂಡಿಯ ಅಪ್ಪ

ತವರಾದರೂ ನನ್ನ ಬೆನ್ನಿಗೆ ನಿಂತೀತೆಂದು ಇಂಡಿಗೆ ಹೋದೆ. ಅವ್ವ, "ಮುಟ್ಟಿ ಬಂದ್ರ ಕೈ ಸವೀತಾವೇನ?" ಎಂದಳು. ಅಪ್ಪ ನಿಂಬೆಗಿಡಕ್ಕೆ ನೀರು ಬಿಡುತ್ತಿದ್ದವನು, ತೋಪಿನ ಹುಟ್ಟೂರು ಯಾವುದೆಂದು ನನ್ನ ಬಾಯಿಂದ ಕೇಳಿ, ಸನಿಕೆ ಕೆಳಗಿಟ್ಟು ಗಾಬರಿಯಿಂದ ಆಚೀಚೆ ನೋಡಿದ. ಇಂಡಿ ಎಂದರೆ ಸೊಲ್ಲಾಪುರದ ಪಕ್ಕ, ಗಡಿಯ ಜಗಳ ಅಲ್ಲಿ ಆರಿದ್ದೇ ಇಲ್ಲ.

"ಮೆಲ್ಲಗ ಮಾತಾಡ! ಅದು ಅಹಮದನಗರದಾಗ ಮಾಡಿದ್ದು ಅಂತ ಆ ಕಡೆಯವರಿಗೆ ಗೊತ್ತಾತಂದ್ರ ನಾಳೆ 'ನಮ್ಮ ತೋಪು ನಮಗ ಕೊಡ್ರಿ' ಅಂತ ಬಂದು ನಿಂದರ್ತಾರ."

"ಕೊಟ್ಟುಬಿಡ್ರಿ ಅಪ್ಪಾ. ನನ್ನ ಪೀಡಾ ತಪ್ಪತೈತಿ."

"ಹುಚ್ಚಿ, ತೋಪು ಹೋದ್ರ ನಿಮ್ಮ ಅತ್ತೀನೂ ಅದರ ಬೆನ್ನ ಹತ್ತಿ ಹೋಗ್ತಾಳ."

"ಹಂಗಾರ ನಾಳೆ ಯಾಕ್ರಿ? ಇವತ್ತ ಎತ್ತು ಹೂಡ್ರಿ!"

ನಗು ಮುಗಿದ ಮೇಲೆ ಅಪ್ಪನೂ ಕೈ ಚೆಲ್ಲಿದ. ಸರಿ, ಯಾರೂ ಇಲ್ಲದಿದ್ದರೆ ನಾನೇ ಇದ್ದೇನೆ. ಬಾಗೇವಾಡಿಗೆ ತಿರುಗಿ ಬಂದು, "ಬರ್ತೇನಿ ನಡೀರಿ ಅತ್ತಿ. ಆದ್ರ ನನಗ ಬೇಕಾದ್ದನ್ನ ನಾ ಬೇಡ್ತೇನಿ" ಎಂದೆ.

ಬುರುಜಿನ ಮೇಲೆ

ಅತ್ತೆ, ಅತ್ತೆಯ ಗಂಡ ನಮ್ಮ ಮಾವನವರು, ಯಜಮಾನರು, ಸೊಂಟದ ಮೇಲೆ ಸಣ್ಣವಳು, ಸೆರಗು ಹಿಡಿದ ದೊಡ್ಡವಳು. ಇಡೀ ದಂಡು ಬಸ್ಸು ಹತ್ತಿ ಬಿಜಾಪುರಕ್ಕೆ ಹೋಯಿತು. ಬುರುಜಿನ ಮೇಲೆ ಜಾತ್ರೆಯಷ್ಟು ಜನ. ತೋಪಿಗೆ ಯಾರೋ ಆಗಲೇ ಕುಂಕುಮ ಹಚ್ಚಿದ್ದರು. ಅತ್ತೆ ಅಲ್ಲಿನ ಕಾವಲುಗಾರನನ್ನು ಕರೆದು ಎಲ್ಲರಿಗೂ ಕೇಳುವಂತೆ, "ಇದು ನೆಲದಾಗಿಂದ ಎದ್ದದ್ದು ಹೌದಲ್ಲಪಾ?" ಎಂದರು.

ಅವನು ತೋಪಿನ ಮೇಲಿನ ಅಕ್ಷರ ತೋರಿಸಿದ. "ಇಲ್ರಿ ಯವ್ವಾ. ಮಾಡಿದಾವ ತುರ್ಕಸ್ತಾನದ ಕಡೆಯಾವ ಅಂತ ಇಲ್ಲೇ ಬರದೈತಂತ. ಓದಾಕ ಬರೋರು ಹೇಳ್ಯಾರ್ರಿ."

ನಾನು ಸೊಂಟದ ಮೇಲೆ ಕೈ ಇಟ್ಟೆ. ಅತ್ತೆ ಎರಡು ಸಲ ಕಣ್ಣು ಮಿಟುಕಿಸಿದರು, ಅಷ್ಟೇ.

"ಇದ್ರ ಇರವಲ್ದ್ಯಾಕ. ಬಂದು ಇಷ್ಟು ವರ್ಷ ಆತು, ಈಗ ನಮ್ಮದ."

"ನಾನೂ ಇಂಡಿಯಿಂದ ಬಂದು ಎಷ್ಟೋ ವರ್ಷ ಆದುವಲ್ರಿ. ನನಗ ಇನ್ನೂ ಹೊರಗಿನಾಕಿ ಅಂತೀರಿ?"

"ಇದರಂಗ ನೀನೂ ಬಾಯಿ ಮುಚಗೊಂಡು ಬಿದ್ದಿದ್ರ ನಿನಗೂ ಕುಂಕುಮ ಹಚ್ಚತಿದ್ನಿ!"

ತೋಪಿನ ಬಾಯಿಯನ್ನು ಸಿಂಹದ ಬಾಯಿಯ ಹಾಗೆ ಕಂಡರಿಸಿದ್ದಾರೆ. "ಇದರ ಬಾಯಿ ನೋಡ್ರಿ ಅತ್ತಿ, ನನಗಿಂತ ದೊಡ್ಡದಾಗಿ ತಗದೈತಿ" ಎಂದೆ. ಯಜಮಾನರು ಗೋಡೆಯ ಕಡೆ ತಿರುಗಿ ನಕ್ಕರು.

ಆಮೇಲೆ ತೋಪಿನ ಮೇಲೆ ಕೈ ಇಟ್ಟು ಗಟ್ಟಿಯಾಗಿಯೇ ಹೇಳಿದೆ: "ನನಗ ಎರಡ ಸಾಕು. ಮೂರನೇದು ಬ್ಯಾಡ."

ಅತ್ತೆ ಹೌಹಾರಿ ನನ್ನನ್ನು ಸರಿಸಿ ತಾವೇ ಮುಟ್ಟಿದರು. "ಇಕಿ ಮಾತು ಕಿವಿಗೆ ಹಾಕ್ಕೋಬ್ಯಾಡಪಾ! ಗಂಡು ಕೂಸು ಬೇಕು, ಗಂಡು ಕೂಸು ಬೇಕು!" ಅಷ್ಟಕ್ಕೂ ಸಮಾಧಾನವಾಗದೆ ಮೊಮ್ಮಗಳನ್ನು ಎತ್ತಿಕೊಂಡರು. "ಸಣ್ಣ ಹುಡುಗರ ಮಾತು ಲಗೂನ ಮುಟ್ಟತೈತಿ. ನೀನೂ ಗಂಡು ಕೂಸು ಬೇಡು ನನ್ನವ್ವಾ."

ಅಜ್ಜಿಯನ್ನು ಆಯಿ ಎಂದು ಕರೆಯುವ ನನ್ನ ದೊಡ್ಡ ಮಗಳು ಎರಡೂ ಅಂಗೈ ತೋಪಿಗೆ ಒತ್ತಿ, ಸಾಲೆಯಲ್ಲಿ ಮಗ್ಗಿ ಒಪ್ಪಿಸುವ ದನಿಯಲ್ಲಿ ಬೇಡಿದಳು:

"ತೋಪಪ್ಪಾ, ನಮ್ಮ ಆಯಿಗೆ ಒಂದು ಗಂಡು ಕೂಸು ಕೊಡಪಾ. ಭಾಳ ದಿನದಿಂದ ಬೇಕು ಬೇಕು ಅಂತ ಅಳಾಕತ್ತಾಳ."

ಬುರುಜಿನ ಮೇಲಿದ್ದ ಜನವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಣ್ಣ ವಯಸ್ಸಿಗೇ ಲಗ್ನವಾಗಿ ಬಂದ ಅತ್ತೆಗೆ ಇನ್ನೂ ನಲವತ್ತೈದು ದಾಟಿರಲಿಲ್ಲ. ಅವರ ಮುಖ ಸುಣ್ಣದಂತಾಯಿತು. ಚೀಲ ಹಿಡಿದು ನಿಂತಿದ್ದ ಮಾವನವರು ಮಾತ್ರ ಯಾಕೋ ಮೀಸೆ ತಿರುವಿಕೊಂಡರು.

ನನಗೇ ಕನಿಕರ ಬಂದು ಹೇಳಿದೆ: "ಅಂಜಬ್ಯಾಡ್ರಿ ಅತ್ತಿ. ಇದು ತುರ್ಕಸ್ತಾನದಾವ ಮಾಡಿದ್ದು. ಇದಕ್ಕ ಕನ್ನಡ ಎಲ್ಲಿ ತಿಳೀಬೇಕು?"

"ನೂರಾರು ವರ್ಷ ನಮ್ಮ ನಾಡಾಗ ಬಿದ್ದೈತಿ, ಇನ್ನೂ ಕಲ್ತಿರೂದಿಲ್ಲೇನ? ಸರಿ ಅತ್ತಾಗ!"

ಅತ್ತೆ ನನ್ನನ್ನು ದೂಡಿ, ತೋಪಿಗೆ ಹಣೆ ಹಚ್ಚಿ, ಕಾವಲುಗಾರ ಓಡಿಬರುವಷ್ಟು ಗಟ್ಟಿಯಾಗಿ ಕೂಗಿದರು:

"ಯಪ್ಪಾ, ಹುಡುಗಿ ತಿಳೀಲಾರದ ಅಂದೈತಿ! ಗಂಡೂ ಬ್ಯಾಡ, ಹೆಣ್ಣೂ ಬ್ಯಾಡ. ನಮ್ಮ ಮನಿಗೆ ಎರಡ ಸಾಕು!"