ರೇಸ್ ಕುದುರೆಗೊಂದು ವಿಮೆ

"ಸ್ಕೂಟರಿಗೆ ವಿಮೆ ಇತ್ತು. ಅಂಗಡಿಗೆ ಇದೆ. ನನಗೂ ಇದೆ. ನನ್ನ ಮಿಂಚಿಗೆ ಮಾತ್ರ ಯಾಕಿಲ್ಲ? ಮಾಡಿಸ್ತೀನಿ! ಅದೂ ಅಂತಿಂಥ ವಿಮೆ ಅಲ್ಲ, ಡಾಕ್ಟರ ಫೀಸೂ ಸೇರೋ ವಿಮೆ! ಮಾಡಿಸ್ದೇ ಇದ್ರೆ ನಾನು ಜಯದೇವಪ್ಪನೇ ಅಲ್ಲ!"

ಕಡೂರಿನ ಕೊಬ್ಬರಿ ವ್ಯಾಪಾರಿ ಜಯದೇವಪ್ಪನವರು ಈ ಪ್ರತಿಜ್ಞೆ ಮಾಡಿದ್ದು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು. ಒಳಗೆ ರೊಟ್ಟಿ ತಟ್ಟುತ್ತಿದ್ದ ಅವರ ಹೆಂಡತಿ ಮಲ್ಲಿಕಾಂಬನಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ.

"ಎಮ್ಮೆನಾ? ಕುದುರೆ ಸಾಲ್ದು ಅಂತ ಈಗ ಎಮ್ಮೆ ಬೇರೆ ತತ್ತೀರಾ?"

"ಎಮ್ಮೆ ಅಲ್ಲ ಕಣೇ, ವಿಮೆ! ಇನ್ಶೂರೆನ್ಸು!"

"ಎಮ್ಮೆನೇ ವಾಸಿ ಕಣ್ರೀ. ಹಾಲಾದ್ರೂ ಕೊಡುತ್ತೆ."

ಜಯದೇವಪ್ಪನವರು ಹೊಸ್ತಿಲು ಬಿಟ್ಟು ದಡದಡನೆ ಅಂಗಳಕ್ಕೆ ಇಳಿದರು. ಕುದುರೆಯ ಬೆಲೆ ಹೆಂಗಸರಿಗೇನು ಗೊತ್ತು?

ಅದು ಪೆಟ್ರೋಲಿನ ಬೆಲೆ ಗಗನಕ್ಕೆ ಏರಿದ ಎಪ್ಪತ್ನಾಲ್ಕನೆಯ ಇಸವಿ. ಪಂಚನಹಳ್ಳಿ ಹಾದಿಯಲ್ಲಿದ್ದ ತೆಂಗಿನ ತೋಟಕ್ಕೆ ದಿನಾ ಹೋಗಿಬರುವ ಜಯದೇವಪ್ಪನವರು ಒಂದು ದಿನ ರೋಸಿಹೋಗಿ ಸ್ಕೂಟರನ್ನೇ ಮಾರಿಬಿಟ್ಟರು. ಬಂದ ದುಡ್ಡಿಗೆ ಮೈಸೂರು ಕಡೆಯ ಒಬ್ಬ ದಲ್ಲಾಳಿಯ ಹತ್ತಿರ ಬಿಳಿಯ ಹೆಣ್ಣುಕುದುರೆಯೊಂದನ್ನು ಕೊಂಡು ತಂದರು. "ರೇಸಿನಲ್ಲಿ ಕಪ್ ಗೆದ್ದ ಕುದುರೆ ಸಾರ್, ನಿಮ್ಮಂಥೋರ ಮನೇಲಿ ಇರಬೇಕಾದ್ದು" ಎಂದು ಆ ದಲ್ಲಾಳಿ ಕಣ್ಣೊರೆಸಿಕೊಂಡು ಬೀಳ್ಕೊಟ್ಟಿದ್ದ. ವ್ಯಾಪಾರ ಕುದುರಿದ್ದಕ್ಕೋ, ಕುದುರೆ ಹೋಗಿದ್ದಕ್ಕೋ, ಅವನಿಗೇ ಗೊತ್ತು! ಇವರು ಅದಕ್ಕೆ ಮಿಂಚು ಎಂದು ಹೆಸರಿಟ್ಟರು. ಮಿಂಚು ತೋಟಕ್ಕೆ ಹೋಗುತ್ತಿದ್ದ ವೇಗ ನೋಡಿದವರು ಗುಡುಗು ಮೊದಲು ಬಂದು ಮಿಂಚು ಆಮೇಲೆ ಬರುತ್ತೆ ಎಂದು ನಗುತ್ತಿದ್ದರು. "ರೇಸಿನ ಕುದುರೆ, ಸುಮ್ಮಸುಮ್ಮನೆ ಓಡೋದಿಲ್ಲ" ಎಂಬುದು ಇವರ ಸಮಾಧಾನ.

ಮಿಂಚಿಗೆ ಒಂದು ಸಲ ಕೆಮ್ಮು ಬಂತು. ಊರಲ್ಲೇ ಸರ್ಕಾರಿ ಪಶುವೈದ್ಯರಿದ್ದರು, ಪುಕ್ಕಟೆ ನೋಡುತ್ತಿದ್ದರು. ಆದರೆ ದನ ಎಮ್ಮೆ ಮುಟ್ಟಿದ ಕೈಯಲ್ಲಿ ರೇಸ್ ಕುದುರೆಯನ್ನು ಮುಟ್ಟಿಸುವುದೆ? ಜಯದೇವಪ್ಪನವರು ಚಿಕ್ಕಮಗಳೂರಿನಿಂದ ದೊಡ್ಡ ಡಾಕ್ಟರೊಬ್ಬರನ್ನು ಕಾರಿನಲ್ಲಿ ಕರೆಸಿದರು. ಆ ಡಾಕ್ಟರು ಫೀಸು ಹೇಳಿದ ಕೂಡಲೇ ಕುದುರೆಯ ಕೆಮ್ಮು ನಿಂತು ಇವರಿಗೆ ಹಿಡಿದುಕೊಂಡಿತು. ಆಮೇಲೆಯೇ ಹೊಸ್ತಿಲ ಮೇಲಿನ ಆ ಪ್ರತಿಜ್ಞೆ.

ಮೊದಲು ಸಿಕ್ಕವರು ಕಡೂರಿನವರೇ ಆದ ಜೀವವಿಮೆಯ ಏಜೆಂಟು ತೀರ್ಥಪ್ಪ. ಕುದುರೆ ಎಂಬ ಮಾತು ಕಿವಿಗೆ ಬೀಳುವ ಮೊದಲೇ ಪೆನ್ನು ತೆಗೆದು ಶುರು ಮಾಡಿಬಿಟ್ಟರು.

"ಹೆಸರು?"

"ಮಿಂಚು."

"ಒಳ್ಳೇ ಹೆಸರು. ಸೊಸೇನಾ? ಬಿ.ಪಿ., ಸಕ್ಕರೆ ಕಾಯಿಲೆ ಏನಾದ್ರೂ?"

"ಕುದುರೆ ಕಣ್ರೀ!"

ತೀರ್ಥಪ್ಪ ಪೆನ್ನಿನ ಮುಚ್ಚಳ ಹಾಕಿದರು. "ಮನುಷ್ಯರಿಗೇ ಮಾಡ್ಸಿ ಮಾಡ್ಸಿ ಸಾಕಾಗೈತೆ ಜಯದೇವಪ್ಪನೋರೆ. ತರೀಕೆರೇಲಿ ಕರಿಸಿದ್ದಪ್ಪ ಅಂತ ಅವ್ರೆ, ದನಕರುಗಳಿಗೆ ಮಾಡ್ಸೋದು ಅವರೇ."

ಜಯದೇವಪ್ಪನವರು ಬಸ್ಸು ಹತ್ತಿ ತರೀಕೆರೆಗೆ ಹೋದರು. ಕರಿಸಿದ್ದಪ್ಪ ಕಾಫಿ ತರಿಸಿದರು, ಮಾತೂ ಸಕ್ಕರೆಯ ಹಾಗೇ ಇತ್ತು.

"ಮಾಡೋಣಂತೆ ಸಾರ್. ಹೊತ್ತಿಗೆ ಎಷ್ಟು ಲೀಟರ್ ಕರೆಯುತ್ತೆ?"

"ಕುದುರೆನ ಯಾರ್ರೀ ಕರೀತಾರೆ?"

"ಹೋಗ್ಲಿ ಬಿಡಿ, ಸೊನ್ನೆ ಬರ್ಕೊತೀನಿ. ಕಿವಿಗೊಂದು ಬಿಲ್ಲೆ ಹೊಡೀತೀವಿ. ಸತ್ತ ಮೇಲೆ ಆ ಕಿವೀನ ಬಿಲ್ಲೆ ಸಮೇತ ತಂದುಕೊಟ್ರೆ ದುಡ್ಡು ಕೈಗೆ!"

"ಅದಲ್ಲ, ಬದುಕಿದ್ದಾಗ ಕಾಯಿಲೆ ಬಿದ್ರೆ ಡಾಕ್ಟರ ಫೀಸು?"

ಕರಿಸಿದ್ದಪ್ಪ ಲೋಟ ಕೆಳಗಿಟ್ಟರು. "ಬದುಕಿರೋದಕ್ಕೂ ನಮಗೂ ಏನು ಸಂಬಂಧ ಸಾರ್?"

ಸಂಜೆ ಮನೆಗೆ ಬಂದವರನ್ನು ಮಲ್ಲಿಕಾಂಬ ಕೇಳಿದರು, "ಏನಾಯ್ತು?"

"ಅವನಿಗೆ ಕಿವಿ ಬೇಕಂತೆ!"

"ಕೊಟ್ಬಿಡಿ. ಹೆಂಗೂ ನೀವು ಯಾರ ಮಾತೂ ಕೇಳಲ್ವಲ್ಲ."

"ಕುದುರೆ ಕಿವಿ ಕಣೇ!"

ಇವರ ಛಲ ಇನ್ನೂ ಗಟ್ಟಿಯಾಯಿತು. ಕೊನೆಗೆ ಅಜ್ಜಂಪುರದಲ್ಲಿ ಲಕ್ಷ್ಮಣಪ್ಪ ಎಂಬ ಏಜೆಂಟು ಸಿಕ್ಕರು. ಅವರು ನಂಬಿಕಸ್ತರೆಂದು ಮಂಡಿಯವರೆಲ್ಲ ಹೇಳಿದ್ದರು. ನಗದೆ, ಕಾಫಿ ತರಿಸದೆ, ಪುಸ್ತಕ ತೆರೆದು ನೋಡಿ ಹೇಳಿದರು: "ರೇಸ್ ಕುದುರೆಗೆ ನಮ್ಮಲ್ಲಿ ಪಾಲಿಸಿ ಐತೆ. ಡಾಕ್ಟರ ಫೀಸು, ಔಷಧಿ, ಲಾಳ ಹೊಡೆಸುವಾಗ ಗಾಯ ಆದ್ರೆ ಅದೂ ಸೇರುತ್ತೆ. ಆದ್ರೆ ಕುದುರೆನ ಇಲ್ಲಿಗೆ ತರ್ಬೇಕು. ನಮ್ಮ ಡಾಕ್ಟರು ನೋಡ್ಬೇಕು, ನಡಿಗೆನೂ ನೋಡ್ಬೇಕು."

ಜಯದೇವಪ್ಪನವರಿಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ಅಜ್ಜಂಪುರವೆಂದರೆ ಮಲ್ಲಿಕಾಂಬನ ತೌರು ಬೇರೆ! ಮಾವನ ಮನೆಯ ಬೀದಿಯಲ್ಲಿ ಬಿಳಿ ಕುದುರೆಯ ಮೇಲೆ ಹೋಗುವ ಚಿತ್ರ ಕಣ್ಣ ಮುಂದೆ ಬಂದು ಅವರು ಎದೆ ಉಬ್ಬಿಸಿ ಹೆಂಡತಿಗೆ ಹೇಳಿದರು, "ನಾನೇ ಹತ್ಕೊಂಡು ಹೋಗ್ತೀನಿ."

"ಲಾರಿಲಿ ಕಳ್ಸಿ ಅಂದ್ರೆ ಕೇಳಲ್ಲ. ನಾನಂತೂ ರೈಲಲ್ಲಿ ಬತ್ತೀನಿ. ಅವ್ವನ್ನ ನೋಡಿ ಬಾಳ ದಿನ ಆಯ್ತು."

"ಬಾ, ಬಾ. ನಿನ್ನ ರೈಲಿಗಿಂತ ಮುಂಚೆ ನಾನಿರ್ತೀನಿ!"

ಬೆಳಗಿನ ಜಾವವೇ ರೇಷ್ಮೆ ಪೇಟ ಸುತ್ತಿ ಹೊರಟರು. ಬೀರೂರಿನವರೆಗೆ ಎಲ್ಲ ಸುಸೂತ್ರ. ರೈಲ್ವೆ ಸ್ಟೇಷನ್ ಹತ್ತಿರ ಬಂದದ್ದೇ ತಡ, ಮಿಂಚು ಯಾರ ಅಪ್ಪಣೆಯನ್ನೂ ಕೇಳದೆ ಪಕ್ಕಕ್ಕೆ ತಿರುಗಿ, ಜಟಕಾಗಳ ಸಾಲಿನ ಕೊನೆಗೆ ಹೋಗಿ ನಿಂತುಬಿಟ್ಟಿತು. ಲಗಾಮು ಎಳೆದರೂ ಇಲ್ಲ, ಮುದ್ದು ಮಾಡಿದರೂ ಇಲ್ಲ. ಟ್ರಂಕು ಹೊತ್ತ ಒಬ್ಬ ಗಿರಾಕಿ ಇವರನ್ನು ಮೇಲಿಂದ ಕೆಳಗೆ ನೋಡಿ, "ಸಂತೆಮಾಳಕ್ಕೆ ಏನು ತಗೊತೀಯಪ್ಪಾ?" ಎಂದ.

"ಇದು ರೇಸ್ ಕುದುರೆ!"

"ಹಂಗಾದ್ರೆ ಲೈನಲ್ಲಿ ಯಾಕೆ ನಿಂತಿದೀಯ?"

ಮುಂದಿದ್ದ ಜಟಕಾಗಳೆಲ್ಲ ಹೊರಟು ಸ್ಟೇಷನ್ ಖಾಲಿಯಾದ ಮೇಲೆ ಮಿಂಚು ತಾನಾಗಿಯೇ ಹೆಜ್ಜೆ ಕಿತ್ತಿತು. 'ಪಾಪ, ನೆರಳಿಗೆ ನಿಂತಿತ್ತು' ಎಂದು ಜಯದೇವಪ್ಪನವರು ತಮಗೆ ತಾವೇ ಹೇಳಿಕೊಂಡರು. ಕಡೂರಿನಲ್ಲಿ ಅವರ ಮನೆ ಸ್ಟೇಷನ್ನಿಗೆ ದೂರ, ತೋಟದ ದಾರಿಯೂ ಬೇರೆ ಕಡೆ. ಹೀಗಾಗಿ ಮಿಂಚು ಇವರ ಕೈಗೆ ಬಂದ ಮೇಲೆ ಸ್ಟೇಷನ್ನಿನ ಮುಖ ಕಂಡದ್ದು ಅದೇ ಮೊದಲು. ಅವರಿಗೆ ಅನುಮಾನ ಬರಲಿಲ್ಲ. ಬರುತ್ತಿದ್ದುದನ್ನು ಬರಗೊಡಲಿಲ್ಲ ಎಂದರೂ ಸರಿಯೇ.

ಅಜ್ಜಂಪುರದಲ್ಲಿ ಲಕ್ಷ್ಮಣಪ್ಪನವರೂ ಅವರ ಡಾಕ್ಟರೂ ಅಂಗಳದಲ್ಲೇ ಕಾದಿದ್ದರು. ಡಾಕ್ಟರು ಎದೆಗೆ ಕೊಳವೆ ಇಟ್ಟರು, ಕಾಲು ಎತ್ತಿ ನೋಡಿದರು, ಬಾಯಿ ಬಿಡಿಸಿದರು. "ಗಟ್ಟಿಯಾಗಿದೆ. ಆದ್ರೆ ಈ ಹಲ್ಲು ನೋಡಿದ್ರೆ, ರೇಸು ಬಿಟ್ಟು ಬಾಳ ಕಾಲ ಆಗಿರ್ಬೇಕು."

"ಅನುಭವ ಸಾರ್, ಅನುಭವ!" ಎಂದರು ಜಯದೇವಪ್ಪ.

"ಸರಿ, ಹತ್ತಿ. ನಡಿಗೆ ತೋರ್ಸಿ," ಎಂದರು ಲಕ್ಷ್ಮಣಪ್ಪ.

ಜಯದೇವಪ್ಪನವರು ಹತ್ತಿ ಕೂತು ಪೇಟ ಸರಿಮಾಡಿಕೊಂಡರು. ಅಷ್ಟರಲ್ಲಿ ದೂರದಲ್ಲಿ ರೈಲು ಕೂಗಿತು.

ಮಿಂಚು ಕಿವಿ ನಿಮಿರಿಸಿತು. ಮರುಕ್ಷಣ ತನ್ನ ಹೆಸರನ್ನು ಸಾರ್ಥಕ ಮಾಡಿತು! ಬೇಲಿ ಹಾರಿತು, ಸಂತೆಯ ದಾರಿ ಸೀಳಿತು, ಯಾರದೋ ಮೆಣಸಿನಕಾಯಿ ಒಣಹಾಕಿದ ಚಾಪೆಯ ಮೇಲೆ ಹಾದುಹೋಯಿತು. "ನಿಲ್ಲೇ! ನಿಲ್ಲೇ ತಾಯಿ!" ಎಂದು ಕೂಗುತ್ತಾ ಜಯದೇವಪ್ಪನವರು ಕುತ್ತಿಗೆಯನ್ನು ತಬ್ಬಿಕೊಂಡಿದ್ದರು. ಪೇಟ ಬಿಚ್ಚಿಕೊಂಡು ಹಿಂದೆ ಬಾಲದ ಹಾಗೆ ಹಾರುತ್ತಿತ್ತು. ರೇಸಿನಲ್ಲಿ ಯಾವ ಕುದುರೆಯೂ ಹಾಗೆ ಓಡಿರಲಾರದು. ಸ್ಟೇಷನ್ನಿನ ಮುಂದೆ ಜಟಕಾ ಸಾಲು ಕಂಡದ್ದೇ ಗಕ್ಕನೆ ವೇಗ ತಗ್ಗಿಸಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು, ಎರಡು ಗಾಡಿಗಳ ನಡುವೆ ಅಚ್ಚುಕಟ್ಟಾಗಿ ನಿಂತಿತು.

ರೈಲು ಬಂದು ನಿಂತಿತು. ಇಳಿದವರಲ್ಲಿ ಮಲ್ಲಿಕಾಂಬನೂ ಇದ್ದರು. ಕಂಕುಳಲ್ಲಿ ಗಂಟು.

ಗಂಡ ಹೆಂಡಿರ ಕಣ್ಣು ಕಲೆತವು. ಮಲ್ಲಿಕಾಂಬ ಕುದುರೆಯನ್ನು ನೋಡಿದರು, ಜಟಕಾ ಸಾಲನ್ನು ನೋಡಿದರು, ಕೆದರಿದ ತಲೆಯ ಗಂಡನನ್ನು ನೋಡಿದರು.

"ಗಾಡಿ ಎಲ್ರೀ?"

"ಲೇ... ಅದು... ನಿನ್ನ ಕರ್ಕೊಂಡು ಹೋಗೋಣ ಅಂತಲೇ ಬಂದೆ."

ಅಷ್ಟರಲ್ಲಿ ಲಕ್ಷ್ಮಣಪ್ಪ ಏದುಸಿರು ಬಿಡುತ್ತಾ ಓಡಿ ಬಂದರು. "ಸಾರ್, ಇದು ರೇಸ್ ಕುದುರೆ ಅಲ್ಲ, ಜಟಕಾ ಕುದುರೆ. ರೇಸಿನ ಪಾಲಿಸಿ ಕೊಡಕ್ಕಾಗಲ್ಲ. ಆದ್ರೆ ಬೇಜಾರ್ ಮಾಡ್ಕೋಬೇಡಿ, ಬಾಡಿಗೆ ಕುದುರೆಗೂ ಒಂದು ಐತೆ. ಡಾಕ್ಟರ ಫೀಸೂ ಸೇರುತ್ತೆ!"

ಜಯದೇವಪ್ಪನವರ ಮುಖದಲ್ಲಿ ಜೀವ ಬಂತು. "ಹಾಗಾದ್ರೆ ಅದನ್ನೇ ಮಾಡಿ!"

"ಮಾಡ್ತೀನಿ. ಆದ್ರೆ ಗಾಡಿ ಹೊಡೆಯೋರಿಗೆ ಪುರಸಭೆ ಲೈಸೆನ್ಸು ಇರ್ಬೇಕು. ತೋಳಿಗೆ ಹಿತ್ತಾಳೆ ಬಿಲ್ಲೆ ಕಟ್ಟಿರ್ಬೇಕು."

"ನಾನು... ಜಟಕಾ... ನಾನು ಯಾರು ಗೊತ್ತೇನ್ರೀ? ಕಡೂರು ಮಂಡಿ ಜಯದೇವಪ್ಪ! ನಡಿಯೇ ಮಿಂಚು!"

ಮಿಂಚು ನಡೆಯಲಿಲ್ಲ. ಸ್ಟೇಷನ್ ಖಾಲಿಯಾಗುವ ಮುಂಚೆ ಗಿರಾಕಿ ಇಲ್ಲದೆ ಅದು ಎಂದು ಸಾಲು ಬಿಟ್ಟಿತ್ತು? ಇಳಿದು ಎಳೆದರು, ತಳ್ಳಿದರು. ಜಟಕಾದವರೆಲ್ಲ ಬಾಯಿಗೆ ಟವೆಲು ಅಡ್ಡ ಹಿಡಿದುಕೊಂಡರು. ಕೊನೆಗೆ ಮಲ್ಲಿಕಾಂಬನೇ ಮುಂದೆ ಬಂದು ಗಂಟನ್ನು ಕುದುರೆಯ ಬೆನ್ನ ಮೇಲಿಟ್ಟು, ಒಂದು ಸಲ ತಟ್ಟಿ, "ಹ್ಞೂಂ, ಹೊರಡು" ಎಂದರು. ಮಿಂಚು ಹೊರಟಿತು! ಲಗಾಮು ಹಿಡಿದು ಮುಂದೆ ಮುಂದೆ ಜಯದೇವಪ್ಪ, ನಡುವೆ ಗಂಟು ಹೊತ್ತ ಕುದುರೆ, ಸೆರಗು ಹೊದ್ದು ಹಿಂದೆ ಮಲ್ಲಿಕಾಂಬ. ಮಾವನ ಮನೆಯ ಬೀದಿಯನ್ನು ಅವರು ಪ್ರವೇಶಿಸಿದ್ದು ಹೀಗೆ.

ಅತ್ತೆ ಕರಿಬಸಮ್ಮ ಜಗುಲಿಯ ಮೇಲಿದ್ದರು. ಅಕ್ಕಪಕ್ಕದವರೂ ಬಂದು ನಿಂತರು. ಮಲ್ಲಿಕಾಂಬ ಗಂಟು ಇಳಿಸಿಕೊಂಡರು. ಕುದುರೆಯನ್ನು ಹಿತ್ತಲಿಗೆ ಕರೆದೊಯ್ಯಲು ಜಯದೇವಪ್ಪನವರು ಲಗಾಮು ಎಳೆದರು. ಮಿಂಚು ಮತ್ತೆ ಕದಲಲಿಲ್ಲ. ಕತ್ತು ತಿರುಗಿಸಿ ಮಲ್ಲಿಕಾಂಬನನ್ನೇ ನೋಡುತ್ತಾ ನಿಂತಿತು.

"ಈಗ ಇನ್ನೇನಂತೆ ಇದಕ್ಕೆ?" ಎಂದು ಜಯದೇವಪ್ಪನವರು ಹಲ್ಲು ಕಡಿದರು.

ಮಲ್ಲಿಕಾಂಬನಿಗೆ ಥಟ್ಟನೆ ಹೊಳೆಯಿತು. ಸೆರಗಿನ ಗಂಟು ಬಿಚ್ಚಿ, ಒಂದು ರೂಪಾಯಿಯ ನಾಣ್ಯ ತೆಗೆದು, ಬೀದಿಯವರೆಲ್ಲ ನೋಡುತ್ತಿರುವಂತೆಯೇ ಗಂಡನ ಅಂಗೈಯ ಮೇಲೆ ಇಟ್ಟರು. ಮಿಂಚು ಒಮ್ಮೆ ತಲೆ ಕೊಡವಿ ಹಿತ್ತಲ ಕಡೆ ನಡೆಯಿತು.

"ಚಿಲ್ರೆ ನೀವೇ ಇಟ್ಕೊಳ್ಳಿ," ಎಂದರು ಮಲ್ಲಿಕಾಂಬ, ಮೆಟ್ಟಿಲು ಹತ್ತುತ್ತಾ. "ಡಾಕ್ಟರ ಫೀಸಿಗಾಗುತ್ತೆ."