ಚಿತ್ರಕ್ಕೆ ಹೊಂದಿಕೊಂಡ ಮನೆ

ಒಂದಂಕಣದ ಮನೆಗೆ ನಾಲ್ಕು ಗೋಡೆಗಳಿರುತ್ತವೆ ಎಂಬುದು ಸರ್ಕಾರವೇ ಒಪ್ಪಿಕೊಂಡಿರುವ ಸಂಗತಿ. ಆದರೆ ಕಡೂರಿನ ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ ಕರಿಬಸಮ್ಮನ ಮನೆಗೆ 1979ರ ಶ್ರಾವಣದಲ್ಲಿ ಐದನೆಯ ಗೋಡೆಯೊಂದು ಇರುವುದು ಪತ್ತೆಯಾಯಿತು. ಮೂರಡಿ ಅಗಲ, ಎರಡಡಿ ಎತ್ತರದ ಆ ಗೋಡೆಯ ಮೇಲೆ ಹೋರಿಯೊಂದು ಹುಲ್ಲು ಮೇಯುತ್ತ ನಿಂತಿತ್ತು.

ಕರಿಬಸಮ್ಮ ಲಾರಿಗಳ ಟಾರ್ಪಾಲಿಗೆ ತೇಪೆ ಹಾಕುವವಳು. ಗಂಡ ತೀರಿಕೊಂಡ ವರ್ಷ ದಬ್ಬಳ ಹಿಡಿದವಳು, ಅದೇ ದಬ್ಬಳದ ದುಡಿಮೆಯಲ್ಲಿ ಕರಿಸಿದ್ದಪ್ಪ ಎಂಬಾತನಿಂದ ಜಾಗ ಕೊಂಡು ಹೆಂಚಿನ ಮನೆ ಕಟ್ಟಿಸಿಕೊಂಡಿದ್ದಳು. ಓದು ಕಲಿತದ್ದೂ ಹಾಗೆಯೇ. ಮೊದಲು ಲಾರಿಗಳ ಹಿಂದೆ ಬರೆದದ್ದನ್ನು ಅಕ್ಷರ ಕೂಡಿಸಿ ಓದಿದಳು. ಆಮೇಲೆ ಬೋಂಡ ಕಟ್ಟಿಕೊಟ್ಟ ಕಾಗದಕ್ಕೆ ಬಡ್ತಿ ಪಡೆದಳು.

ಮನೆ ಇತ್ತು, ಅದಕ್ಕೆ ಖಾತೆ ಇರಲಿಲ್ಲ. ಖಾತೆಯಾಗಬೇಕಾದರೆ ಜಾಗ ಮಾರಿದವನು ಖುದ್ದಾಗಿ ಬಂದು ಒಪ್ಪಿಗೆ ಹೇಳಬೇಕಿತ್ತು. ಕರಿಸಿದ್ದಪ್ಪ ಮಾರಿದ ಮರುತಿಂಗಳೇ ಸತ್ತಿದ್ದ. ಕಚೇರಿಯವರು ಅವನಿಗೆ ಮೂರು ನೋಟೀಸು ಕಳಿಸಿದರು. ಮೂರಕ್ಕೂ ಅವನು ಹಾಜರಾಗಲಿಲ್ಲವಾಗಿ, "ಅರ್ಜಿದಾರಳ ಕಡೆಯವರು ಸಹಕರಿಸುತ್ತಿಲ್ಲ" ಎಂದು ಷರಾ ಬರೆದರು. ಹೀಗೆ ಒಂಬತ್ತು ವರ್ಷ ಒಂಬತ್ತು ತಿಂಗಳಾಗಿತ್ತು. ಹತ್ತು ವರ್ಷ ಖಾತೆಯಿಲ್ಲದೆ ನಿಂತ ಮನೆ ಆ ಕುಟುಂಬದ ಹಿರಿಯ ಗಂಡಸಿನ ಹೆಸರಿಗೆ ತಾನಾಗಿಯೇ ಹೋಗತಕ್ಕದ್ದೆಂದು ನಿಯಮ. ಹಿರಿಯ ಗಂಡಸೆಂದರೆ ಗಂಡನ ಅಣ್ಣ ಸಿದ್ದಪ್ಪ. ಅವನು ಯಗಟಿಯಲ್ಲಿ ಕುರಿ ಸಾಕಿಕೊಂಡು, ನಿಯಮದ ಪ್ರಕಾರ ಸುಮ್ಮನೆ ಕಾಯುತ್ತಿದ್ದ. ದೀಪಾವಳಿಗೆ ಗಡುವು ಮುಗಿಯುತ್ತಿತ್ತು.

ಇಲ್ಲಿ ಕಚೇರಿಯ ವಿಷಯ ಹೇಳಬೇಕು. ಅದರ ಹೆಸರು ಗೋಡೆ ಮತ್ತು ಛಾವಣಿ ದಾಖಲೆ ಕಚೇರಿ. ಅದು ತಮ್ಮಲ್ಲೇ ಇರಬೇಕೆಂದು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಊರಿನವರು ಅಂಗಡಿ ಮುಚ್ಚಿ ಹಠ ಹಿಡಿದಿದ್ದರಿಂದ ಸರ್ಕಾರ ಯಾರ ಮನಸ್ಸನ್ನೂ ನೋಯಿಸಲಿಲ್ಲ. ಅಧಿಕಾರಿ ಮತ್ತು ಕುರ್ಚಿಯನ್ನು ಕಡೂರಿಗೆ ಕೊಟ್ಟಿತು. ಮೊಹರನ್ನು ತರೀಕೆರೆಗೂ ಮೊಹರು ಅದ್ದುವ ಮಸಿಯ ಡಬ್ಬಿಯನ್ನು ಅಜ್ಜಂಪುರಕ್ಕೂ ಕೊಟ್ಟಿತು. ಮೂರೂ ಊರಿನಲ್ಲಿ ಪಟಾಕಿ ಹೊಡೆದರು. ತಿಂಗಳ ಎರಡನೇ ಮಂಗಳವಾರ ಶಿವಮೊಗ್ಗದ ಕಡೆಯಿಂದ ಬರುವ ರೈಲಿನಲ್ಲಿ ಮೊಹರೂ ಹುಬ್ಬಳ್ಳಿ ಕಡೆಯಿಂದ ಬರುವ ರೈಲಿನಲ್ಲಿ ಮಸಿಯೂ ಬೀರೂರು ಜಂಕ್ಷನ್ನಿಗೆ ಬಂದು, ಪ್ಲಾಟ್‌ಫಾರಂ ಮೇಲೆ ಒಂದನ್ನೊಂದು ಸಂಧಿಸುತ್ತಿದ್ದವು. ರೈಲು ತಡವಾದ ತಿಂಗಳು ಯಾರಿಗೂ ಖಾತೆಯಿಲ್ಲ. ಇದರಿಂದ ಕೆಲಸದ ಒತ್ತಡ ಗಣನೀಯವಾಗಿ ತಗ್ಗಿತೆಂದು ವರದಿಯಾಗಿದೆ.

ಕರಿಬಸಮ್ಮನ ಮನೆ ಸೋರುತ್ತಿತ್ತು. ಖಾತೆಯಿಲ್ಲದ ಮನೆಯ ಹೆಂಚು ಮುಟ್ಟುವಂತಿರಲಿಲ್ಲ. ಪ್ರತಿ ಮಳೆಗಾಲ ಅವಳು "ಮನೆ ಸೋರುತ್ತಿದೆ, ನಾನು ನೆನೆಯುತ್ತಿದ್ದೇನೆ" ಎಂದು ಅರ್ಜಿ ಬರೆಯುತ್ತಿದ್ದಳು. "ನೆನೆಯುವವರ ಹೆಸರಿನಲ್ಲಿ ಖಾತೆ ಇರುವುದಿಲ್ಲ" ಎಂದು ಪ್ರತಿ ಬೇಸಿಗೆ ಉತ್ತರ ಬರುತ್ತಿತ್ತು. ಪಡುವಣ ಗೋಡೆಯ ಮೇಲೆ ತೇವದ ಕಲೆಯೊಂದು ವರ್ಷದಿಂದ ವರ್ಷಕ್ಕೆ ಬೆಳೆದು, ಮನೆಯ ಒಬ್ಬ ಸದಸ್ಯನಂತಾಗಿತ್ತು.

ಆ ಆಷಾಢದಲ್ಲಿ ಸಿದ್ದಪ್ಪ ಬಂದವನು ಕಂಬಳಿ ಕೊಡವಿ ಕೂತು, ಕಲೆಯನ್ನು ದಿಟ್ಟಿಸಿದ.

"ಗೋಡೆ ಅಳ್ತಾ ಐತಲ್ಲವ್ವ. ಒಡೆಯ ಯಾರು ಅಂತ ಅದ್ಕೂ ಗೊತ್ತಿಲ್ದೆ ಕಂಗಾಲಾಗೈತೆ."

"ಅದು ಅಳ್ತಿಲ್ಲ ಭಾವ, ಬೆವರ್ತೈತೆ. ನಾನು ಕಟ್ಟಿದ್ ಗೋಡೆ, ದುಡಿದು ಅಭ್ಯಾಸ," ಎಂದಳು ಕರಿಬಸಮ್ಮ.

ಅಂದೇ ಅವಳು ಕಲೆಯನ್ನು ಮುಚ್ಚಲು ನಿಶ್ಚಯಿಸಿದಳು. ಬೋಂಡದ ಕಾಗದವೊಂದರಲ್ಲಿ 'ಕಡಿಮೆ ಖರ್ಚಿನಲ್ಲಿ ಗೋಡೆಗೊಂದು ಉಬ್ಬುಚಿತ್ರ' ಎಂಬ ಬರಹ ಸಿಕ್ಕಿತ್ತು. ಪೇಟೆಯಿಂದ ಕ್ಯಾನ್‌ವಾಸು, ಪ್ಲಾಸ್ಟರು, ಎಣ್ಣೆಬಣ್ಣ, ಮೂರು ಬಗೆಯ ಕುಂಚ ತರಬೇಕೆಂದು ಅದರಲ್ಲಿತ್ತು. ಬರೆದವರಿಗೆ ಕಡಿಮೆ ಖರ್ಚು ಎಂದರೇನೆಂದು ಗೊತ್ತಿಲ್ಲವೆಂದು ಅವಳು ತೀರ್ಮಾನಿಸಿದಳು. ತೇಪೆಗೆ ಬಾರದ ಟಾರ್ಪಾಲಿನ ತುಂಡೊಂದನ್ನು ಮುರಿದ ಮಂಚದ ಪಟ್ಟಿಗಳಿಗೆ ಬಿಗಿದಳು. ಗಂಡನ ಮನೆಯವರು ಕಂಬಳಿಗೆ ಹಾಕುವ ಹುಣಸೆಬೀಜದ ಸರಿಯನ್ನು ಮಂದವಾಗಿ ಕಾಯಿಸಿದಳು. ಅದಕ್ಕೆ ಸುಣ್ಣ, ಜರಡಿ ಹಿಡಿದ ಹೊಳೆಮರಳು, ಒಂದು ಹಿಡಿ ರಾಗಿ ಹೊಟ್ಟು ಬೆರೆಸಿ, ದೋಸೆ ಮಗುಚುವ ಕೈಯಿಂದ ಮೆತ್ತಿದಳು. ಹಸಿಯಿರುವಾಗಲೇ ಬಾಚಣಿಗೆ ಎಳೆದರೆ ಹುಲ್ಲುಗಾವಲಾಯಿತು. ಅದರ ಮೇಲೆ ಎಮ್ಮೆದೊಡ್ಡಿ ಕಾವಲಿನಲ್ಲಿ ಮೇಯುವಂಥ ಹೋರಿಯೊಂದನ್ನು ಮೆತ್ತಿ, ಅದಕ್ಕೆ ತೆಂಗಿನ ನಾರಿನ ಹಗ್ಗ ಹೊಸೆದು ಕೊಂಬು ಮಾಡಿದಳು. ಕೆಮ್ಮಣ್ಣು, ಬಟ್ಟೆಯ ನೀಲಿ, ದೀಪದ ಮಸಿ ಇಷ್ಟೇ ಬಣ್ಣ. ಮೂಲೆಯಲ್ಲಿ ದಬ್ಬಳದಿಂದ 'ಕರಿಬಸಮ್ಮ' ಎಂದು ಹೊಲಿದಳು. ಪ್ರತಿ ತೇಪೆಯ ಮೇಲೂ ಅವಳು ಹಾಗೆ ಹೊಲಿಯುವುದು ರೂಢಿ. ಹೊಲಿಗೆ ಬಿಟ್ಟರೆ ಯಾರನ್ನು ಬೈಯಬೇಕೆಂದು ಡ್ರೈವರಿಗೆ ತಿಳಿಯಬೇಕಲ್ಲ.

ಕಾಗದದ ಕೊನೆಯಲ್ಲಿ 'ಎಚ್ಚರಿಕೆ! ಚಿತ್ರ ಒಣಗಿದ ಮೇಲೆ ಯಾವುದೇ ಕಾರಣಕ್ಕೂ' ಎಂದಿತ್ತು. ಮುಂದಿನದನ್ನು ಎಣ್ಣೆ ಕುಡಿದಿತ್ತು.

ಚಿತ್ರ ಒಣಗಿ ಗೋಡೆಗೇರಿದ ಹತ್ತನೇ ದಿನ ಅಧಿಕಾರಿ ಮಲ್ಲಿಕಾರ್ಜುನಯ್ಯನವರು ಖಾತೆಯ ಅರ್ಜಿಯ ಕೊನೆಯ ತಪಾಸಣೆಗೆ ಬಂದರು. ಸಭ್ಯ ಮನುಷ್ಯ. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಒಂದು ತಪ್ಪನ್ನೂ ಮಾಡಿರಲಿಲ್ಲ, ಏಕೆಂದರೆ ಒಂದು ಅರ್ಜಿಯನ್ನೂ ಮುಗಿಸಿರಲಿಲ್ಲ. ಅವರು ಚಿತ್ರದೆದುರು ನಿಂತು ಕನ್ನಡಕ ಏರಿಸಿದರು.

"ಏನಮ್ಮಾ ಇದು?"

"ಹೋರಿ ಸ್ವಾಮಿ."

"ಹೋರಿ ಕಾಣ್ತಿದೆ. ಅದು ಯಾವುದರ ಮೇಲೆ ನಿಂತಿದೆ ಅಂತ ಕೇಳಿದೆ. ಸುಣ್ಣ ಹಾಕಿದ್ದೀಯಾ?"

"ಹಾಕಿವ್ನಿ."

"ಮರಳು?"

"ಜರಡಿ ಹಿಡಿದು ಹಾಕಿವ್ನಿ."

ಮಲ್ಲಿಕಾರ್ಜುನಯ್ಯನವರು ಹಿತ್ತಾಳೆಯ ಅಳತೆಪಟ್ಟಿ ತೆಗೆದರು. ಹುಲ್ಲಿನ ಹತ್ತಿರ ಒಂದೂಕಾಲು ಇಂಚು, ಹೋರಿಯ ಬೆನ್ನಿನುಬ್ಬಾದ ಹಿಣಿಲಿನ ಹತ್ತಿರ ಎರಡಿಂಚು. ಅವರು ನಿಯಮಾವಳಿ ತೆಗೆದು ಹದಿನಾಲ್ಕನೆಯದನ್ನು ಗಟ್ಟಿಯಾಗಿ ಓದಿದರು: "ಸುಣ್ಣ, ಮರಳು ಹಾಗೂ ಅಂಟುಪದಾರ್ಥದಿಂದಾದ, ಒಂದಿಂಚಿಗೆ ಮೀರಿದ ದಪ್ಪವುಳ್ಳ, ನೆಟ್ಟಗೆ ನಿಂತಿರುವ ಯಾವುದೇ ವಸ್ತುವನ್ನು ಗೋಡೆಯೆಂದು ಭಾವಿಸತಕ್ಕದ್ದು."

"ನೀನು ಅರ್ಜೀಲಿ ನಾಲ್ಕು ಗೋಡೆ ಅಂತ ಬರೆದಿದ್ದೀಯ. ಇಲ್ಲಿ ಐದಿವೆ. ಅರ್ಜಿ ಸುಳ್ಳಾಯ್ತಲ್ಲಮ್ಮ. ವಜಾ."

ಕಾಗದದ ಎಣ್ಣೆಯಲ್ಲಿ ಮುಳುಗಿದ್ದ ಎಚ್ಚರಿಕೆ ಯಾವುದೆಂದು ಕರಿಬಸಮ್ಮನಿಗೆ ಆಗ ಹೊಳೆಯಿತು.

"ಹಂಗಾರೆ ಬಿಚ್ಚಿ ಅಟ್ಟಕ್ಕೆ ಹಾಕ್ತೀನಿ ಬಿಡಿ."

"ಗೋಡೆ ಕೆಡವೋಕೆ ಅಪ್ಪಣೆ ಬೇಕು. ಅಪ್ಪಣೆ ಖಾತೆದಾರರಿಗೆ ಮಾತ್ರ."

ಹೆಂಚಿನಿಂದ ಪಾತ್ರೆಗೆ ಹನಿ ಬೀಳುತ್ತಿತ್ತು. ಎರಡು ತಿಂಗಳಲ್ಲಿ ಈ ಹನಿ, ಈ ಪಾತ್ರೆ, ಈ ಒಲೆ ಎಲ್ಲ ಭಾವನದಾಗುತ್ತಿತ್ತು. ಕರಿಬಸಮ್ಮ ಸೆರಗು ಸಿಕ್ಕಿಸಿಕೊಂಡಳು.

"ಸ್ವಾಮಿ, ಈ ಐದನೇ ಗೋಡೆ ನಂಗೆ ಯಾರು ಮಾರಿದ್ದು?"

"ಯಾರೂ ಮಾರಿಲ್ಲ. ನೀನೇ ಕಟ್ಟಿದ್ದು. ಮೂಲೇಲಿ ಹೆಸರಿದೆಯಲ್ಲ."

"ಅಂದ್ರೆ ಇದಕ್ಕೆ ಸತ್ತೋರ ಒಪ್ಪಿಗೆ ಬ್ಯಾಡ."

ಅಧಿಕಾರಿಗಳು ನಿಯಮಾವಳಿಯನ್ನು ಮುಂದಿನಿಂದ ಹಿಂದಕ್ಕೂ ಹಿಂದಿನಿಂದ ಮುಂದಕ್ಕೂ ತಿರುವಿದರು. "ಬೇಡ," ಎಂದರು.

"ಹಂಗಾರೆ ಇದಕ್ಕೇ ಖಾತೆ ಮಾಡ್ಕೊಡಿ."

ಎಲ್ಲ ಕಾಗದವೂ ಸರಿಯಿರುವ ಅರ್ಜಿಯನ್ನು ಮಲ್ಲಿಕಾರ್ಜುನಯ್ಯನವರು ಜೀವಮಾನದಲ್ಲಿ ಮೊದಲ ಸಲ ನೋಡುತ್ತಿದ್ದರು. ಅವರ ಕಣ್ಣು ಒದ್ದೆಯಾಯಿತು. ಅಲ್ಲೇ ಕೂತು ಬರೆದುಕೊಂಡರು. ಚಕ್ಕುಬಂದಿ: ಪೂರ್ವಕ್ಕೆ ಒಲೆ, ಪಶ್ಚಿಮಕ್ಕೆ ತೇವದ ಕಲೆ, ಉತ್ತರಕ್ಕೆ ಒನಕೆ, ದಕ್ಷಿಣಕ್ಕೆ ಮೊಳೆಗೆ ನೇತುಹಾಕಿದ ಮೊರ. ವಾಸವಿರುವವರು: ಹೋರಿ, ಒಂದು. ಮೊಹರು ಒತ್ತಿಸುವ ದಿನ ಗೋಡೆಯ ಸಾಮಗ್ರಿಯ ಮಾದರಿಯನ್ನು ಅರ್ಜಿದಾರಳು ಖುದ್ದು ತರತಕ್ಕದ್ದು.

ಪಕ್ಕದ ಮನೆಯ ಅಂಜಿನಮ್ಮ ಬಾಗಿಲಲ್ಲೇ ನಿಂತಿದ್ದಳು. "ಏನಕ್ಕ, ಹೋರಿಗೆ ಖಾತೆ ಮಾಡುಸ್ತಿದೀಯಂತೆ? ಹಂಗೇ ಒಂದು ಹೆಣ್ಣೂ ನೋಡ್ಬಿಡು."

"ಮೊದ್ಲು ಮನೆ ಆಗ್ಲಿ ಕಣೇ. ಮನೆ ಇಲ್ದೋನಿಗೆ ಹೆಣ್ಣು ಯಾರು ಕೊಡ್ತಾರೆ?"

ಭಾದ್ರಪದದ ಮಂಗಳವಾರ ರೈಲು ತಡವಾಯಿತು. ದೀಪಾವಳಿಗೆ ಮುಂಚೆ ಉಳಿದದ್ದು ಒಂದೇ ಮಂಗಳವಾರ. ಅಂದು ಬೀರೂರಿನ ಪ್ಲಾಟ್‌ಫಾರಂ ಮೇಲೆ ಕರಿಬಸಮ್ಮ ಸಾಮಗ್ರಿಯ ಕರಟಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದ ಬೆಂಚಿನ ಮೇಲೆ ಮಲ್ಲಿಕಾರ್ಜುನಯ್ಯನವರು ಕಾಗದಗಳೊಂದಿಗೆ ಕೂತಿದ್ದರು. ಗಡುವು ಮುಗಿಯುವುದನ್ನು ಕಣ್ಣಾರೆ ನೋಡಲು ಸಿದ್ದಪ್ಪನೂ ಹೊಸ ಪಂಚೆ ಉಟ್ಟು ಬಂದಿದ್ದ. ತರೀಕೆರೆಯ ಜವಾನ ಲಕ್ಕಣ್ಣ ಮೊಹರನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಹಿಡಿದು ನಿಂತಿದ್ದ. ಅವನು ಹಿಂತಿರುಗುವ ರೈಲು ಆಗಲೇ ಹೊಗೆಯುಗುಳುತ್ತಿತ್ತು. ಅಂತೂ ಅಜ್ಜಂಪುರದ ಜವಾನ ಚಿಕ್ಕಬೀರಪ್ಪ ಮಸಿಡಬ್ಬಿಯೊಂದಿಗೆ ಓಡಿ ಬಂದ. ಮುಚ್ಚಳ ತೆಗೆದರೆ ಮಸಿ ಒಣಗಿ, ಕೆರೆಯಂಗಳದಂತೆ ಬಿರುಕು ಬಿಟ್ಟಿತ್ತು.

"ಮೂರು ತಿಂಗಳಿಂದ ಮೊಹರು ಮುಟ್ಟಿಲ್ಲ ಕಣ್ರೀ, ಒಣಗ್ದೆ ಏನ್ಮಾಡ್ತದೆ?" ಎಂದ ಚಿಕ್ಕಬೀರಪ್ಪ.

ರೈಲು ಸಿಳ್ಳೆ ಹಾಕಿತು. ಸಿದ್ದಪ್ಪ ಎದ್ದು ಪಂಚೆ ಕೊಡವಿದ. "ಆಯ್ತು ಬಿಡವ್ವ. ನಾನೇನು ನಿನ್ನ ಹೊರಗ್ ಹಾಕಲ್ಲ. ಕಸ ಗುಡ್ಸಕ್ಕೆ ಒಬ್ರು ಬೇಕಲ್ಲ."

ಕರಿಬಸಮ್ಮ ಮಡಿಲಿಗೆ ಕೈ ಹಾಕಿದಳು. ಹೋರಿಯ ಕಣ್ಣಿಗೆ ಬಳಿದ ಬಣ್ಣವನ್ನೇ ಮಾದರಿಗೆಂದು ಬೆಳಿಗ್ಗೆ ಹೊಸದಾಗಿ ಕಲಸಿ ತಂದಿದ್ದ ಕರಟ ತೆಗೆದಳು. ದೀಪದ ಮಸಿ ಬೆರೆಸಿದ ಹುಣಸೆಬೀಜದ ಸರಿ ಅದರಲ್ಲಿತ್ತು. ಬೆರಳಿನಿಂದ ಬಳಿದು ಅಜ್ಜಂಪುರದ ಡಬ್ಬಿಗೆ ಸುರಿದಳು. ಮಸಿ ಅಜ್ಜಂಪುರದ ಡಬ್ಬಿಯಿಂದ ಬರಬೇಕೆಂದಿತ್ತೇ ಹೊರತು, ಡಬ್ಬಿಗೆ ಎಲ್ಲಿಂದ ಬರಬೇಕೆಂದು ನಿಯಮವಿರಲಿಲ್ಲ. ಲಕ್ಕಣ್ಣ ಅದ್ದಿ ಒತ್ತಿದ. ಮೊಹರು ಕಾಗದಕ್ಕೆ ಕಚ್ಚಿಕೊಂಡಿತು. ಇಬ್ಬರು ಜವಾನರು ಸೇರಿ ಎಳೆದಾಗ ಬಿಟ್ಟಿತು. ಕಾಗದದ ಮೇಲೆ ಮುದ್ರೆ ಬಾಣಂತಿಗೆ ಬಡಿದ ರೊಟ್ಟಿಯಂತೆ ದಪ್ಪಗೆ ನಿಂತಿತ್ತು.

ಮಲ್ಲಿಕಾರ್ಜುನಯ್ಯನವರು ಅದರ ಮೇಲೆ ಬೆರಳಾಡಿಸಿ, ಕೂತಿದ್ದವರು ಎದ್ದು ನಿಂತರು.

"ಉಬ್ಬುಮುದ್ರೆ! ಇದು ನಮ್ಮ ದರ್ಜೆಯವರಿಗಲ್ಲ, ಬಹಳ ಮೇಲಿನವರಿಗೆ. ಉಬ್ಬುಮುದ್ರೆ ಬಿದ್ದ ಕಾಗದವನ್ನು ಕೆಳಗಿನ ಯಾವ ಕಚೇರಿಯೂ ಪ್ರಶ್ನಿಸುವಂತಿಲ್ಲ."

"ಕೆಳಗಿನ ಕಚೇರಿ ಯಾವುದು ಸ್ವಾಮಿ?" ಎಂದ ಸಿದ್ದಪ್ಪ.

"ನಾವೇ."

ಸಿದ್ದಪ್ಪ ಬಿಡಲಿಲ್ಲ. "ಆಗ್ಲಿ, ಚಿತ್ರ ಅವ್ಳದೇ. ಎತ್ಕಂಡು ಹೋಗ್ಲಿ. ಮನೆ ನಂದು."

"ಖಾತೆಯಾದ ಗೋಡೆಯನ್ನು ಕದಲಿಸುವಂತಿಲ್ಲಪ್ಪ. ಅದು ಯಾವುದಕ್ಕೆ ಒರಗಿ ನಿಂತಿದೆಯೋ ಅದು ಆ ಗೋಡೆಗೆ ಹೊಂದಿಕೊಂಡ ಭಾಗ. ಇಪ್ಪತ್ತೆರಡನೇ ನಿಯಮ." ಅವರು ಅಲ್ಲೇ ಬರೆದರು: ಉಬ್ಬುಚಿತ್ರ ಒಂದು, ಖಾತೆದಾರಳು ಕರಿಬಸಮ್ಮ. ಚಿತ್ರಕ್ಕೆ ಹೊಂದಿಕೊಂಡಂತೆ ಮನೆ ಒಂದು.

ಸುದ್ದಿ ಹಬ್ಬಿತು. ಕಾರ್ತಿಕದಲ್ಲಿ ಮೂರೂ ಊರಿನ ಬಸ್‌ಸ್ಟ್ಯಾಂಡುಗಳಲ್ಲಿ ಹೀಗೊಂದು ಪ್ರಕಟಣೆ ಅಂಟಿಸಲಾಯಿತು:

"ಮನೆಗೆ ಖಾತೆ ಕೋರುವ ಸಾರ್ವಜನಿಕರು ಇನ್ನು ಮುಂದೆ ಮನೆಯನ್ನು ತೋರಿಸಿ ಕಚೇರಿಯ ಸಮಯ ಹಾಳುಮಾಡಬಾರದು. ಒಂದಿಂಚಿಗೆ ಮೀರಿದ ಉಬ್ಬುಚಿತ್ರವನ್ನು ತೋರಿಸತಕ್ಕದ್ದು. ಚಿತ್ರದಲ್ಲಿರುವ ಪ್ರಾಣಿಗಳು ನಾಲ್ಕು ಕಾಲಿನವಾಗಿರತಕ್ಕದ್ದು. ನವಿಲಿನ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು."

ಸಖರಾಯಪಟ್ಟಣದಿಂದ ಅಜ್ಜಂಪುರದವರೆಗೆ ಹುಣಸೆಬೀಜ ಮಾಯವಾಯಿತು. ಕಡೂರಿನಲ್ಲಿ ನಿಂತ ಲಾರಿಗಳ ಟಾರ್ಪಾಲಿನ ಅಂಚುಗಳು ದಿನಕ್ಕೊಂದಡಿ ಕುಗ್ಗಿದವು. ಕೊಬ್ಬರಿ ನೆನೆಯಿತು, ಗೋಡೆಗಳು ಅಂದವಾದವು. ಅಂದವಾಗಿವೆಯೆಂದು ಸರ್ಕಾರವೂ ಒಪ್ಪಿತು. ಸಂಕ್ರಾಂತಿಯ ಹೊತ್ತಿಗೆ ಸಿದ್ದಪ್ಪ ಯಗಟಿಯಿಂದ ಬಂದು, ಈ ಸಲ ಹೊಸ್ತಿಲ ಹೊರಗೇ ನಿಂತ. ಅವನ ಮನೆಗೂ ಖಾತೆ ಇರಲಿಲ್ಲವೆಂಬುದು ಆಗ ತಿಳಿಯಿತು.

"ಒಂದು ಪಾವು ಸರಿಗೆ ಸುಣ್ಣ ಎಷ್ಟು ಬೀಳ್ತದವ್ವ?"

"ಅರೆಪಾವು. ಒಳಕ್ಕ್ ಬನ್ನಿ ಭಾವ, ಚಿತ್ರದ ಮನೆ, ಮೈಲಿಗೆ ಏನಿಲ್ಲ."

"ಏನ್ ಬಿಡಿಸ್ಲಿ ಅಂತ ಗೊತ್ತಾಗ್ತಿಲ್ಲ."

"ಕುರಿ ಬಿಡ್ಸಿ. ಉಣ್ಣೆ ದಪ್ಪಗೆ ಬರ್ತದೆ, ಅಳತೆಗೆ ಸುಲಭ. ಮೂಲೇಲಿ ನಿಮ್ಮ ಹೆಸರೂ ಹೊಲೀರಿ. ಹೊಲಿಯಕ್ಕೆ ಬರ್ದಿದ್ರೆ ಹೇಳಿ, ನನ್ನ ಹೆಸರು ಹೊಲ್ಕೊಡ್ತೀನಿ."

ಮರುವರ್ಷದ ಮಳೆಗಾಲದಲ್ಲಿ ಮನೆ ಎಂದಿನಂತೆ ಸೋರಿತು. ಖಾತೆ ಚಿತ್ರದ್ದಾದ್ದರಿಂದ ಹೆಂಚಿಗೆ ಕಚೇರಿಯ ಅಪ್ಪಣೆ ಇನ್ನೂ ಬೇಕಿತ್ತು. ಕರಿಬಸಮ್ಮ ಹಳೆಯ ಅರ್ಜಿಯನ್ನೇ ತೆಗೆದು ನೆನೆಯುವವರನ್ನು ಮಾತ್ರ ಬದಲಿಸಿದಳು: "ಮನೆ ಸೋರುತ್ತಿದೆ, ಹೋರಿ ನೆನೆಯುತ್ತಿದೆ." ನಾಲ್ಕನೇ ದಿನ ಹೊಸ ಹೆಂಚಿನ ಗಾಡಿ ಬಂತು. ಹಿಂದೆಯೇ ಮಲ್ಲಿಕಾರ್ಜುನಯ್ಯನವರು ಬಂದು ಹೋರಿಯ ಹಿಣಿಲನ್ನು ಮುಟ್ಟಿ, "ಶೀತ ಆಗಿಲ್ಲ ತಾನೆ?" ಎಂದು ವಿಚಾರಿಸಿದರು. ಆಳುಗಳು ಚಿತ್ರದ ಮೇಲೆ ಸರಿಯಾಗಿ ಮೂರಡಿ ಹೆಂಚು ಹೊದಿಸಿ ಇಳಿದರು. ಉಳಿದ ಸೂರು ಚಿತ್ರದ ಬಾಬತ್ತಿಗೆ ಬರುವುದಿಲ್ಲವೆಂದು ಕಾಗದದಲ್ಲಿತ್ತು.

ಕರಿಬಸಮ್ಮ ಜಗಳವಾಡಲಿಲ್ಲ. ಮೂರಡಿಯಾಚೆ ಹನಿ ಬೀಳುತ್ತಿದ್ದ ಜಾಗದಲ್ಲಿ ಪಾತ್ರೆ ಸರಿಸಿ, ಹನ್ನೆರಡು ಅಡಿ ಟಾರ್ಪಾಲನ್ನು ನೆಲಕ್ಕೆ ಹಾಸಿದಳು. ಒಲೆಯ ಮೇಲೆ ದೊಡ್ಡ ಗಡಿಗೆಯಲ್ಲಿ ಹುಣಸೆಬೀಜದ ಸರಿ ಕುದಿಯುತ್ತಿತ್ತು.

"ಇದೇನಮ್ಮ ಮತ್ತೆ?" ಎಂದರು ಅಧಿಕಾರಿಗಳು.

"ಹೋರಿಗೆ ಹಸು ತರಾನ ಅಂತ ಸ್ವಾಮಿ."

"ಎಷ್ಟು ಹಸು?"

ಕರಿಬಸಮ್ಮ ತಲೆಯೆತ್ತಿ ಸೂರಿನ ಈ ತುದಿಯಿಂದ ಆ ತುದಿಯವರೆಗೂ ಕಣ್ಣು ಹಾಯಿಸಿದಳು.

"ಹೆಂಚು ಮುಗಿಯೋಗಂಟ."

ಮಲ್ಲಿಕಾರ್ಜುನಯ್ಯನವರು ಅದು ನ್ಯಾಯವಾದ ಸಂಖ್ಯೆಯೆಂದು ಹೇಳಿ, ಬರೆದುಕೊಂಡರು.